ಅರ್ಧ ಮೀಟರಿಗೊಂದು ಮೊಳೆ

ತೊಂಬತ್ತರ ದಶಕದ ಕೊನೆಯ ಮಾತು. ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಒಂದೇ ಸಾಲಿಗೆ ಆರು ಮನೆಗಳಿದ್ದವು. ಒರಳಿನಲ್ಲಿ ಖಾರ ಕುಟ್ಟಿದರೆ ಅಡುಗೆಮನೆಯ ನೆಲ ಡಬಡಬ ಅನ್ನುತ್ತದೆ ಎಂದು ಮೂರನೆಯ ಮನೆಯಾಕೆ ಎರಡು ವರ್ಷದಿಂದ ಹೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೊಂದು ಮಳೆಗಾಲ, ಲೈನಿನ ಮೇಲಿನ ಇಳಿಜಾರಿನ ನೀರು ನಡುವೆಯೇ ನೆಲಕ್ಕಿಳಿದು ಮಾಯವಾಗಿ, ಕೆಳಗಿನ ಹಳ್ಳದ ದಂಡೆಯಲ್ಲಿ ಕೆಂಪಗೆ ಹೊರಬಂತು. ಮನೆಗಳಡಿ ನೀರು ಮಣ್ಣು ಕೊರೆದು ಸುರಂಗ ಮಾಡಿದೆಯೇನೋ ಎಂದು ಆಗ ಎಸ್ಟೇಟಿನ ಸಾಹುಕಾರರಿಗೂ ಅಳುಕು ಹುಟ್ಟಿತು. ಮಳೆ ಮುಗಿದು ಬೇಸಿಗೆ ಹತ್ತಿರವಾದಾಗ, ಚಿಕ್ಕಮಗಳೂರಿನ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳುತ್ತಿದ್ದ ನನ್ನನ್ನು ಕರೆಸಿದರು.

ಕೆಲಸ ಕೇಳಲು ಸುಲಭ. ಕಬ್ಬಿಣದ ತಟ್ಟೆಯ ಮೇಲೆ ಸುತ್ತಿಗೆಯಿಂದ ಹೊಡೆದರೆ ಕಂಪನ ನೆಲದೊಳಗೆ ಓಡುತ್ತದೆ. ಸಾಲಾಗಿ ಚುಚ್ಚಿಟ್ಟ ಜಿಯೋಫೋನುಗಳು, ಎಂದರೆ ಅಡಿಯಲ್ಲಿ ಮೊಳೆಯಿರುವ ಪುಟ್ಟ ಡಬ್ಬಿಗಳು, ಅದನ್ನು ಹಿಡಿದು ಯಂತ್ರಕ್ಕೆ ಕಳಿಸುತ್ತವೆ. ಟೊಳ್ಳಿದ್ದಲ್ಲಿ ಕಂಪನ ತಡವಾಗಿ, ಸೊರಗಿ ಬರುತ್ತದೆ. ಡಬ್ಬಿಗಳನ್ನು ದೂರದೂರ ಇಟ್ಟರೆ ಒಬ್ಬ ಮನುಷ್ಯ ನುಸುಳುವಷ್ಟು ಬಿಲ ಸಂದಿಯಲ್ಲಿ ತಪ್ಪಿಸಿಕೊಂಡೀತು. ನನಗೆ ಬೇಕಿದ್ದದ್ದು ಅಷ್ಟು ಸಣ್ಣದೇ. ಮನೆಗಳ ಹಿಂಬದಿಯ ಉದ್ದಕ್ಕೂ ಅರ್ಧ ಮೀಟರಿಗೊಂದರಂತೆ ಊರಲು ತೋಟದ ಹೆಂಗಸರಿಗೆ ಹೇಳಿ, ನಾನು ಯಂತ್ರ ಜೋಡಿಸಲು ಹೋದೆ.

ಮೊದಲ ದಿನ ಯಂತ್ರದ ತೆರೆಯ ಮೇಲೆ ಬಂದದ್ದು ಬರೀ ಕಲಸುಮೇಲೋಗರ.

"ಏನೂ ಕಾಣ್ತಿಲ್ವಲ್ಲ ಮೇಡಂ," ಎಂದರು ಸಾಹುಕಾರರು. "ಬಿಡಿ, ಮನೆ ಖಾಲಿ ಮಾಡ್ಸೋದೇನೂ ಬೇಡ."

ನನಗೆ ಮೈಯೆಲ್ಲ ಉರಿಯಿತು. ಮಳೆ ಹಿಡಿಯಲು ಮೂರೇ ತಿಂಗಳು ಉಳಿದಿತ್ತು. ಆ ಗೋಡೆಗಳಾಚೆ ಮಕ್ಕಳು ಮಲಗುತ್ತಿದ್ದರು. ಸಿಟ್ಟಿನಲ್ಲೇ ಒಂದು ಡಬ್ಬಿ ಎಳೆದರೆ ಬೆಣ್ಣೆಯಿಂದ ಬಂದ ಹಾಗೆ ಬಂತು. ಇನ್ನೊಂದೂ ಹಾಗೆಯೇ. ಪ್ರತಿ ಮೊಳೆಯ ಸುತ್ತ ಮಣ್ಣನ್ನು ಚೆನ್ನಾಗಿ ಕೆದಕಿ, ಪುಡಿ ಮಾಡಿ, ಮೇಲೆ ತರಗೆಲೆ ಹೊದಿಸಿದ್ದರು. ಕಾಫಿ ಸಸಿ ನೆಟ್ಟು ಪಳಗಿದ ಕೈಗಳು. ಸಡಿಲ ಮಣ್ಣು ಕಂಪನವನ್ನೆಲ್ಲ ನುಂಗಿಬಿಟ್ಟಿತ್ತು.

"ಮಣ್ಣು ಸಡ್ಲ ಮಾಡ್ದೆ ಯಾರಾದ್ರೂ ಊರ್ತಾರಾ ಅಮ್ಮಾ?" ಮೂರನೆಯ ಮನೆಯಾಕೆ ನನ್ನನ್ನೇ ಕೇಳಿದಳು.

ತಪ್ಪು ಅವರದಲ್ಲ. ತೋರಿಸಿಕೊಡದೆ ಹೋದ ಮಹಾ ವಿದ್ವಾಂಸೆ ನಾನೇ.

ಮರುದಿನ ಊರುವ ಉಸ್ತುವಾರಿ ಅವಳದೇ. ಗಟ್ಟಿ ನೆಲ ಆರಿಸಿ, ಮೊಳೆ ಚುಚ್ಚಿ, ಹಿಮ್ಮಡಿಯಿಂದ ಸುತ್ತಲೂ ತುಳಿದು, ಒಂದೊಂದನ್ನೂ ಅಲ್ಲಾಡಿಸಿ ನೋಡಿದಳು. ಅಷ್ಟರಲ್ಲಿ ಸ್ಪ್ರಿಂಕ್ಲರಿನ ಡೀಸೆಲ್ ಪಂಪು ಗುಡುಗುಡು ಶುರುವಾಯಿತು. ಅದರ ನಡುಕವೂ ಡಬ್ಬಿಗಳಿಗೆ ಕೇಳಿಸುತ್ತದೆ. ನಿಲ್ಲಿಸಿ ಎಂದೆ.

"ಬ್ಲಾಸಂ ಟೈಮು ಮೇಡಂ," ಎಂದರು ಸಾಹುಕಾರರು. " ಈಗ ನೀರು ನಿಲ್ಸಿದ್ರೆ ಹೂ ಕೆಡುತ್ತೆ."

ನಾನು ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಬ್ಬಿಣದ ತಟ್ಟೆಯ ಮೇಲೆಯೇ ಕೂತೆ. ಪಂಪು ನಿಲ್ಲುವವರೆಗೆ ಏಳುವುದಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು, ಲೈನು ನೋಡಿದರು, ಕೊನೆಗೆ ತೋಟದ ಮೇಸ್ತ್ರಿಗೆ ಸನ್ನೆ ಮಾಡಿದರು. ಪಂಪು ನಿಂತಿತು.

ಆ ದಿನದ ಗೆರೆಗಳು ಸ್ಪಷ್ಟವಾಗಿದ್ದವು. ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಬಂದ ಕಂಪನ ಮೂರನೆಯ ಮನೆಯ ಅಡುಗೆಮನೆ ಹಿಂದಿನ ನಾಲ್ಕು ಡಬ್ಬಿಗಳಲ್ಲಿ ಮಾತ್ರ ತಡವಾಗಿತ್ತು. ಅಲ್ಲಿ ಮೇಸ್ತ್ರಿ ಹಾರೆ ಹಾಕಿದ. ಹತ್ತಾರು ಏಟು ಬಿದ್ದ ಮೇಲೆ ಹಾರೆ ಅವನ ಕೈಯಿಂದ ಜಾರಿ ಒಳಗೆ ಹೋಯಿತು. ಮೇಲೆ ಬರಲೇ ಇಲ್ಲ. ಸಾಹುಕಾರರು ಅಂದೇ ಆರೂ ಮನೆ ಖಾಲಿ ಮಾಡಿಸಿ ಎಲ್ಲರನ್ನೂ ಗೋಡೌನಿಗೆ ಕಳಿಸಿದರು.

ಮಳೆಗೆ ಮುಂಚೆ ಗಟ್ಟಿ ನೆಲದಲ್ಲಿ ಹೊಸ ಲೈನು ಎದ್ದಿತು. ಸಾಮಾನು ಒಳಗಿಡುವ ಮೊದಲು ಮೂರನೆಯ ಮನೆಯಾಕೆ ಒನಕೆ ಹಿಡಿದು ಅಡುಗೆಮನೆಯ ನೆಲವನ್ನು ಮೂಲೆಮೂಲೆಗೂ ಕುಟ್ಟಿ ಕಿವಿಗೊಟ್ಟಳು. ಅವಳು "ಆಗ್ಬೋದು" ಎನ್ನುವವರೆಗೆ ಸಾಹುಕಾರರು ಹೊಸ್ತಿಲಾಚೆ ನಿಂತು ಕಾದರು.