ಅನುಮಾನದ ಬ್ಯಾಗು ಫ್ರಿಜ್ ಸೇರಿದ್ದು

ಇವತ್ತು ನನ್ನ ತಲೆ ಕೆಟ್ಟಿದೆ ಕಣ್ರಪ್ಪಾ. ಭಯೋತ್ಪಾದಕರ ದಾಳಿ ತಡೆಯುವುದು ಹೇಗೆಂದು ಹೇಳಿಕೊಡಲು ಈ ಪರದೇಶದ ನಮ್ಮ ದೇವಸ್ಥಾನಕ್ಕೆ ಇಲ್ಲಿನ ಪೊಲೀಸ್ ಅಧಿಕಾರಿಯೊಬ್ಬರು ಬಂದಿದ್ದರು. ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟದೆ ಫೋನ್ ಮಾಡಿ ಎಂದು ಇಂಗ್ಲಿಷಿನಲ್ಲಿ ಒಂದು ಗಂಟೆ ಪಾಠ ಮಾಡಿದರು. ನಾನು ಅದನ್ನೇ ಕನ್ನಡದಲ್ಲೂ ಹೇಳಿದೆ, ಎಲ್ಲರೂ ತಲೆಯಾಡಿಸಿದರು. ಆಮೇಲೆ ಪರೀಕ್ಷೆಗೆಂದು ಆ ಅಧಿಕಾರಿಯೇ ಚಪ್ಪಲಿ ಸ್ಟ್ಯಾಂಡಿನ ಬಳಿ ಒಂದು ಬ್ಯಾಗ್ ಇಟ್ಟರು. ಹತ್ತು ನಿಮಿಷವಾದರೂ ಫೋನ್ ಬರಲಿಲ್ಲ. ಹೋಗಿ ನೋಡಿದರೆ ಬ್ಯಾಗೇ ಇಲ್ಲ!

ಅದು ಅಡುಗೆಮನೆಯ ಫ್ರಿಜ್‌ನಲ್ಲಿತ್ತು.

"ಯಾರೋ ಊಟ ಮರೆತುಹೋಗಿದಾರೆ, ಹಳಸಿಹೋಗತ್ತಲ್ಲಾ ಅಂತ ನಾನೇ ಎತ್ತಿಟ್ಟೆ" ಎಂದರು ಪಕ್ಕದೂರು ರಾಚೆಸ್ಟರ್ ಹಿಲ್ಸ್‌ನ ಶಾರದಾ ಆಂಟಿ.

"ಆಂಟೀ, ಈಗ ತಾನೇ ಮುಟ್ಟಬೇಡಿ ಅಂದ್ರಲ್ಲ!" ಎಂದೆ.

"ನಮ್ಮೋರ ಚಪ್ಪಲಿ ಪಕ್ಕದಲ್ಲೇ ಇತ್ತಪ್ಪ, ಇನ್ಯಾರದ್ದಾಗಿರತ್ತೆ?"

ಹೊರಡುವಾಗ ಆಂಟಿ ಅದೇ ಬ್ಯಾಗಿಗೆ ಏನೋ ತುಂಬಿ ಅಧಿಕಾರಿಯ ಕೈಗೆ ಕೊಟ್ಟರು. ಒಳಗೇನಿದೆ ಎಂದು ಆ ಪುಣ್ಯಾತ್ಮರೂ ನೋಡಲಿಲ್ಲ. ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.