ಕಡಲಂಚಿನ ಮನೆಯ ಕೆಳಕೋಣೆ

ಕಡಲು ಏರಿ ಬರುವ ಜಾಗದಲ್ಲಿ ಮನುಷ್ಯರು ಮಲಗುವ ಕೋಣೆಯನ್ನು ಕಟ್ಟಿ, ನಕ್ಷೆಯಲ್ಲಿ ಅದನ್ನು ‘ವಾಹನ ನಿಲ್ಲಿಸುವ ಸ್ಥಳ’ ಎಂದು ತೋರಿಸಿದ ನಿರ್ಮಾಣ ಕಂಪನಿ ಸುಳ್ಳು ಹೇಳಿದೆ. ಸ್ಥಳಕ್ಕೆ ಕಾಲಿಡದೆ ಅದಕ್ಕೆ ಸಹಿ ಹಾಕಿದ ಅಧಿಕಾರಿಗಳು ಆ ಸುಳ್ಳಿನ ಪಾಲುದಾರರು. ಇದನ್ನು ಕಣ್ಣಾರೆ ಕಂಡು ಬಂದು ಬರೆಯುತ್ತಿದ್ದೇನೆ.

ಮೇ ತಿಂಗಳ ಒಂದು ಬೆಳಿಗ್ಗೆ ಚನ್ನಗಿರಿಯಲ್ಲಿ ಹೊನ್ನಾಳಿಯ ಬಸ್ಸು ಹತ್ತಿದೆ. ಹೊನ್ನಾಳಿಯ ಹಾರ್ಡ್‌ವೇರ್ ವ್ಯಾಪಾರಿ ನಜೀರ್ ಸಾಹೇಬರಿಗಾಗಿ ಹೊನ್ನಾವರದ ಕಡೆಯ ತೀರದಲ್ಲಿ ಮನೆಯೊಂದನ್ನು ವಿನ್ಯಾಸ ಮಾಡಿದವಳು ನಾನು. ಮನೆ ಕಂಬಗಳ ಮೇಲೆ ನಿಲ್ಲಬೇಕು, ಕೆಳಗೆ ಬರಿದಾದ ಜಾಗದಲ್ಲಿ ನೀರು ಬಂದು ಹೋಗಬೇಕು. ಮೇಲೆ ಎದುರುಬದುರು ಕಿಟಕಿಗಳು, ಅಗಲವಾಗಿ ಮುಂಚಾಚಿದ ಸೂರು, ಸೌರಫಲಕ, ಎ.ಸಿ. ಬೇಕಾಗದಷ್ಟು ಗಾಳಿ. ಕಟ್ಟಡ ಮುಗಿದಿದೆ, ‘ಸಣ್ಣಪುಟ್ಟ ಬದಲಾವಣೆ’ ಮಾಡಿದ್ದೇವೆ ಎಂದು ಕಂಪನಿ ತಿಳಿಸಿತ್ತು. ನೋಡಲು ಹೊರಟಿದ್ದೆ.

ಜೊತೆಯಲ್ಲಿ ಜಗಳೂರು ಕಡೆಯ ತಿಪ್ಪೇಸ್ವಾಮಿ, ಅವನ ಹೆಂಡತಿ ಓಬಮ್ಮ. ಆ ತೀರದ ಮನೆ ಕಾಯುವ ಕೆಲಸಕ್ಕೆ ಸೇರಿ ಒಂದು ತಿಂಗಳು ಅಲ್ಲಿದ್ದ ತಿಪ್ಪೇಸ್ವಾಮಿ ಈಗ ಹೆಂಡತಿಯನ್ನೂ ಕರೆದೊಯ್ಯುತ್ತಿದ್ದ. ಕಂಡಕ್ಟರು ನನಗೂ ಓಬಮ್ಮನಿಗೂ ಉಚಿತ ಪ್ರಯಾಣದ ಶೂನ್ಯ ಟಿಕೆಟ್ ಹರಿದು ಅವನ ಮುಂದೆ ಕೈಯೊಡ್ಡಿದ. “ನೋಡ್ರಿ, ಹೆಂಗಸ್ರು ಸರ್ಕಾರದ ಬೀಗ್ರು. ದಂಡ ಕಟ್ಟಾಕೆ ನಾನೊಬ್ಬ,” ಎಂದು ತಿಪ್ಪೇಸ್ವಾಮಿ ಜೇಬಿಗೆ ಕೈ ಹಾಕಿದ. ಓಬಮ್ಮ ಕಿಟಕಿಯತ್ತ ತಿರುಗಿ ನಕ್ಕಳು.

ಬಸವಾಪಟ್ಟಣ ದಾಟಿದ ಮೇಲೆ ಅವನು ತಮ್ಮ ಹೊಸ ಬಿಡಾರವನ್ನು ಬಣ್ಣಿಸತೊಡಗಿದ. ಮನೆಯ ಅಡಿಯಲ್ಲೇ ಒಳ್ಳೆಯ ಕೋಣೆಯಂತೆ, ಸಿಮೆಂಟಿನ ಗೋಡೆಯಂತೆ, ಮಂಚದ ಪಕ್ಕದಲ್ಲೇ ಸೌರಫಲಕದ ದೊಡ್ಡ ಬ್ಯಾಟರಿಗಳಂತೆ. ನನ್ನ ನಕ್ಷೆಯಲ್ಲಿ ಅಲ್ಲಿ ಒಂದು ಇಟ್ಟಿಗೆಯೂ ಇರಲಿಲ್ಲ. ಸಾಸ್ವೆಹಳ್ಳಿ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ.

ಹೊನ್ನಾಳಿಯಲ್ಲಿ ನಜೀರ್ ಸಾಹೇಬರು ಕಾರಿನೊಂದಿಗೆ ಕಾದಿದ್ದರು. ಹೊರಡುವ ಮುನ್ನ ಅಂಗಡಿಯ ಆಳುಗಳಿಗೆ ಸಿಮೆಂಟ್ ಚೀಲಗಳನ್ನು ಅಟ್ಟಕ್ಕೆ ಸಾಗಿಸಲು ಹೇಳಿದರು. ಹೊಳೆ ಉಕ್ಕಿದರೆ ಅಂಗಡಿಗೆ ನೀರು ನುಗ್ಗುತ್ತದೆ, ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಇದೇ ಕೆಲಸ ಎಂದರು. ಸೇತುವೆ ದಾಟುವಾಗ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಸಮುದ್ರ ಇದಕ್ಕಿಂತ ಎಷ್ಟು ದೊಡ್ಡದು ಎಂದು ಓಬಮ್ಮ ಕೇಳಿದಳು. ಆಚೆ ದಡ ಕಾಣುವುದಿಲ್ಲ ಎಂದೆ.

ನ್ಯಾಮತಿಯಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿದೆವು. ಕೆಳಕೋಣೆಯ ಮಾತು ತೆಗೆದೆ. ಕಂಪನಿಯವರೇ ಪುಕ್ಕಟೆಯಾಗಿ ಕಟ್ಟಿಕೊಟ್ಟರು, ಜಾಗ ಸುಮ್ಮನೆ ಖಾಲಿ ಇತ್ತಲ್ಲ ಎಂದರು ಸಾಹೇಬರು. ಖಾಲಿ ಇರಬೇಕಾದದ್ದೇ ಅದು ಎಂದರೆ, “ಬೇಟಿ, ಮೊದಲು ನೋಡೋಣ, ಆಮೇಲೆ ಜಗಳ,” ಎಂದು ಕಾರು ಹತ್ತಿದರು. ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿಯುವವರೆಗೂ, ಉಪ್ಪುನೀರು ಮುಟ್ಟಿದರೆ ಹೊತ್ತಿಕೊಳ್ಳಬಹುದಾದ ಆ ಬ್ಯಾಟರಿಗಳೇ ನನ್ನ ಕಣ್ಣ ಮುಂದಿದ್ದವು.

ಸಂಜೆಯ ಹೊತ್ತಿಗೆ ತಲುಪಿದೆವು. ಮೇಲಿನ ಮನೆ ನಾನು ಬರೆದಂತೆಯೇ ಇತ್ತು. ಫ್ಯಾನಿಲ್ಲದೆಯೂ ಕೋಣೆ ತಂಪಾಗಿತ್ತು. ಕೆಳಗೆ ಕಂಬದಿಂದ ಕಂಬಕ್ಕೆ ಗೋಡೆ ಎದ್ದಿತ್ತು. ಸಾಹೇಬರು ತೋರಿಸಿದ ಕಂಪನಿಯ ನಕ್ಷೆಯಲ್ಲಿ ಅದು ‘ವಾಹನ ನಿಲ್ಲಿಸುವ ಸ್ಥಳ’, ಅದಕ್ಕೆ ಅಧಿಕಾರಿಗಳ ಸಹಿಯೂ ಇತ್ತು; ಸ್ಥಳ ನೋಡಲು ಮಾತ್ರ ಅವರಾರೂ ಬಂದಿರಲಿಲ್ಲವಂತೆ. ಗೋಡೆಯ ಬುಡದಲ್ಲಿ ನೀರು ಬಂದು ಹೋಗಲೆಂದು ಕಿಂಡಿಗಳನ್ನು ಬಿಟ್ಟಿದ್ದರು. ಅಂದರೆ ಇಲ್ಲಿಗೆ ನೀರು ಬರುತ್ತದೆಂದು ಕಂಪನಿಗೆ ಗೊತ್ತಿತ್ತು. ಆದರೆ ಒಂದೊಂದು ಕಿಂಡಿಯೂ ಕಲ್ಲು, ಸಿಮೆಂಟಿನಿಂದ ಮುಚ್ಚಿಹೋಗಿತ್ತು.

“ಮೇಸ್ತ್ರಿ ತೂತು ಬಿಟ್ಟು ಓಡಿಹೋಗಿದ್ದ ಮೇಡಮ್ಮೋರೆ. ನಾನೇ ಮುಚ್ಚೀನಿ,” ಎಂದ ತಿಪ್ಪೇಸ್ವಾಮಿ, ಹೆಮ್ಮೆಯಿಂದ. “ನಮ್ಮ ಕಡೆ ನೀರಿನ ದಾರಿ ಕಂಡ್ರೆ ಮೊದ್ಲು ಒಡ್ಡು ಹಾಕ್ತೀವಿ.”

ಮಳೆ ಕಡಿಮೆಯಿರುವ ಅವನ ಊರಿನಲ್ಲಿ ಅದು ಬುದ್ಧಿವಂತಿಕೆ. ಓಡುವ ನೀರನ್ನು ಹೊಲದಲ್ಲೇ ತಡೆದವನು ಜಾಣ ರೈತ. ಇಲ್ಲಿ ತಡೆದರೆ ಅಲೆಯ ಭಾರವೆಲ್ಲ ಗೋಡೆಯ ಮೇಲೆ ಬೀಳುತ್ತದೆ. ಗೋಡೆ, ಒಳಗೆ ಮಲಗಿದವರ ಮೇಲೆ ಬೀಳುತ್ತದೆ. ಆ ಕಿಂಡಿ ಯಾತಕ್ಕೆಂದು ಒಂದು ಮಾತು ಯಾರೂ ಅವನಿಗೆ ಹೇಳಿರಲಿಲ್ಲ. ನಾನು ಹೇಳಿದೆ. ಅವನು ಹಾರೆ ತಂದ. ಒಂದು ಕಿಂಡಿ ತೆರೆಯುವಷ್ಟರಲ್ಲಿ, ಬಟ್ಟೆಯ ಗಂಟು ಹಿಡಿದು ನಿಂತಿದ್ದ ಓಬಮ್ಮ ಕೇಳಿದಳು:

“ಹಂಗಾರೆ ನೀರು ಒಳಗೆ ಬರಾಕೇ ಬೇಕೇನ್ರಿ? ಮತ್ತೆ ನಾವೆಲ್ಲಿ ಮಲಗಾದು?”

ಮೇಲಿನ ಕೋಣೆಗಳು ಅತಿಥಿಗಳಿಗೆಂದು ಸಾಹೇಬರು ತಗ್ಗಿದ ದನಿಯಲ್ಲಿ ಹೇಳಿದರು.

“ಸಿಮೆಂಟ್ ಚೀಲಕ್ಕೆ ಅಟ್ಟ, ಇವರಿಗೆ ನೆಲವೇ ಸಾಹೇಬರೇ?” ಎಂದೆ.

ಅವರು ಮೇಲ್ಮನೆಯ ಬೀಗದಕೈಯನ್ನು ಓಬಮ್ಮನ ಕೈಗಿಟ್ಟು, “ಮಳೆಗಾಲ ಮುಗಿಯೋತನಕ ಮೇಲೇ ಇರ್ರಿ,” ಎಂದರು. ಮುಗಿದ ಮೇಲೆ ಏನೆಂದು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹೊನ್ನಾವರದ ಬಸ್ಸಿಗೆ ಹೊರಟು ತಿರುಗಿ ನೋಡಿದೆ. ಓಬಮ್ಮ ಮೆಟ್ಟಿಲ ನಡುವೆ ಕೂತಿದ್ದಳು. ಗಂಟನ್ನು ಇನ್ನೂ ಬಿಚ್ಚಿರಲಿಲ್ಲ.

ಆದ್ದರಿಂದ ಕಂಪನಿಯನ್ನೂ ಸಹಿ ಹಾಕಿದ ಅಧಿಕಾರಿಗಳನ್ನೂ ಬಹಿರಂಗವಾಗಿ ಕೇಳುತ್ತಿದ್ದೇನೆ: ಆ ಗೋಡೆಗಳನ್ನು ಎಬ್ಬಿಸಲು ಒಪ್ಪಿದವರು ಯಾರು? ವಾಹನದ ಜಾಗದಲ್ಲಿ ಮಂಚ ಹಾಕಿದ್ದನ್ನು ಪರಿಶೀಲಿಸಿದವರು ಯಾರು? ದಯವಿಟ್ಟು ಲಿಖಿತವಾಗಿ ಉತ್ತರಿಸಿ. ಮುಂಗಾರು ಕರಾವಳಿ ಮುಟ್ಟುವ ಮೊದಲು ಗೋಡೆಗಳನ್ನು ತೆಗೆಸಿ, ಬ್ಯಾಟರಿಗಳನ್ನು ಮೇಲಕ್ಕೆ ಸಾಗಿಸಿ, ಮನೆ ಕಾಯುವವರಿಗೆ ಮೇಲೆಯೇ ಶಾಶ್ವತವಾದ ಕೋಣೆಯೊಂದನ್ನು ನಕ್ಷೆಯಲ್ಲಿ ಬರೆಸಿ. ಓಬಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು.