ನಿಲ್ಲದ ಕುದುರೆಗಳು

೨೦೨೨ರ ಬೇಸಿಗೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಮಾಡುವ ನನ್ನ ವರ್ಕ್‌ಶಾಪನ್ನು ಮಗನಿಗೆ ಒಪ್ಪಿಸುವ ಸಿದ್ಧತೆಯಲ್ಲಿದ್ದೆ. ಆಗ ಅಳವಂಡಿಯ ಹುಸೇನಸಾಬರು ಟ್ರ್ಯಾಕ್ಟರ್ ತುಂಬ ಮರದ ಕುದುರೆಗಳನ್ನು ತಂದಿಳಿಸಿದರು.

ಅದು ಕೈಯಿಂದ ತಳ್ಳಿ ತಿರುಗಿಸುವ ಕುದುರೆ ಚಕ್ರ. ಅವರ ತಂದೆ ಕಿನ್ನಾಳದಲ್ಲಿ ಕುದುರೆ ಕೆತ್ತಿಸಿ, ಚಕ್ಕಡಿಯ ಮೇಲೆ ಯಲಬುರ್ಗಾ, ಕುಷ್ಟಗಿಯ ಸಂತೆ, ಉರುಸುಗಳಿಗೆ ಒಯ್ಯುತ್ತಿದ್ದರು. ಚಿಕ್ಕಂದಿನಲ್ಲಿ ನಾನೂ ಕುಳಿತವನೇ. ಮಕ್ಕಳು ಹಿಡಿದು ಹಿಡಿದು ಕಿವಿ ಮೊಂಡಾದ ಕರಿ ಕುದುರೆಯನ್ನು ಕಂಡಾಕ್ಷಣ ಗುರುತಿಸಿ, ಅದರ ಬೆನ್ನು ಸವರಿದೆ. ಈಗ ನಡುಗಂಬದ ಬುಶ್, ಅಂದರೆ ತಿರುಗುವ ಕಂಬವನ್ನು ಹಿಡಿದಿಡುವ ಮರದ ಬಳೆ, ಸವೆದು ಚಕ್ರ ವಾಲಿ ಸಿಕ್ಕಿಕೊಳ್ಳುತ್ತಿತ್ತು. ಹುಸೇನಸಾಬರ ತೋಳಿನಲ್ಲೂ ಮೊದಲಿನ ಕಸುವಿರಲಿಲ್ಲ. ಆನೆಗೊಂದಿ ಕಡೆಯ ರೆಸಾರ್ಟಿನವರೊಬ್ಬರು ಅಂಗಳದ ಅಲಂಕಾರಕ್ಕೆ ಕೊಡಿ ಎಂದು ದುಂಬಾಲು ಬಿದ್ದಿದ್ದರು.

“ನಿಂತ ಕುದುರಿ ಮ್ಯಾಲ ಫೋಟೋ ತಗಸ್ಕೋತಾರಂತ್ರಿ. ನನ್ನ ಕೈಲೆ ತಿರುಗೂ ಹಂಗ ಮಾಡಿಕೊಡ್ರಿ. ಆಗೂದಿಲ್ಲಂದ್ರ ಕೊಟ್ಟಬಿಡ್ತೀನಿ,” ಎಂದರು ಹುಸೇನಸಾಬರು.

ಕಿನ್ನಾಳದ ಕೆತ್ತನೆಗಾರರು ಕುದುರೆಗಳಿಗೆ ಹೊಸ ಬಣ್ಣ ಹಚ್ಚಿದರು. ಮೊಂಡು ಕಿವಿಯನ್ನು ಮುಟ್ಟಲು ನಾನು ಬಿಡಲಿಲ್ಲ. ಮರದ ಬುಶ್ ಕಿತ್ತು, ಗಿರಣಿಗೆ ಹಾಕುವ ಬಾಲ್ ಬೇರಿಂಗ್ ಕೂರಿಸಿದೆ. ಬೆರಳಿನಿಂದ ನೂಕಿದರೂ ಚಕ್ರ ಸರ್ರನೆ ಹೊರಟಿತು. ಎದೆಯುಬ್ಬಿಸಿಕೊಂಡು ಓಣಿಯ ಮಕ್ಕಳನ್ನು ಹತ್ತಿಸಿದೆ.

ಚಕ್ರ ತಿರುಗಿತು, ತಿರುಗಿತು, ನಿಲ್ಲಲೇ ಇಲ್ಲ! ಒಂದು ಮಗು ಅಳತೊಡಗಿತು. ಹುಸೇನಸಾಬರು ಕುದುರೆಯ ಕಾಲು ಹಿಡಿದು ಅದರ ಜೊತೆಗೇ ಓಡಿದರು. ಕೊನೆಗೆ ನಾನೂ ಮಗನೂ ಅಡ್ಡ ನಿಂತು ತಡೆಯಬೇಕಾಯಿತು. ಗಿರಣಿ ಮನುಷ್ಯನಾದ ನನಗೆ ಯಂತ್ರ ಸಲೀಸಾಗಿ ಓಡಿದರೆ ಸಾಕು. ಹಳೇ ಬುಶ್ಶಿನ ತಿಕ್ಕಾಟವೇ ಈ ಚಕ್ರಕ್ಕೆ ಬ್ರೇಕ್ ಆಗಿತ್ತೆಂದು ತಲೆಗೆ ಹೊಳೆದಿರಲಿಲ್ಲ.

“ಇದು ಓಡಿಹೋಗೂ ಕುದುರಿ ಆತಲ್ರಿ ಮಿಸ್ತ್ರಿ! ಇಳಿಸಾಕ ಬರಲಿಲ್ಲಂದ್ರ ಕೂಸು ಯಾರು ಕುಂದರಸ್ತಾರ? ರೆಸಾರ್ಟಿನವರಿಗೆ ಫೋನ್ ಮಾಡ್ತೀನಿ ತಗೋರಿ,” ಎಂದು ಹುಸೇನಸಾಬರು ಏದುಸಿರು ಬಿಟ್ಟರು.

“ನಾಕು ದಿನ ತಡೀರಿ,” ಎಂದು ಅವರ ಕೈ ಹಿಡಿದುಕೊಂಡೆ.

ಗಿರಣಿ ಯಂತ್ರದ ಹಳೇ ರಬ್ಬರ್ ಬೆಲ್ಟಿನ ತುಂಡನ್ನು ಹಲಗೆಗೆ ಬಡಿದು, ಉದ್ದನೆಯ ಹಿಡಿಕೆ ಎಳೆದರೆ ಅದು ತಿರುಗುವ ನಡುಗಂಬಕ್ಕೆ ಒತ್ತುವಂತೆ ಮಾಡಿದೆ. ಸ್ಟೂಲಿನ ಮೇಲೆ ಕುಳಿತೇ ಚಕ್ರ ನಿಲ್ಲಿಸಬಹುದಿತ್ತು. ಯಾವುದೇ ಯಂತ್ರ ಬಿಚ್ಚುವ ಮೊದಲು ಇದು ಹೇಗೆ ನಿಲ್ಲುತ್ತಿತ್ತು ಎಂದು ಕೇಳಬೇಕು. ಮಗನಿಗೆ ಈಗಲೂ ಇದನ್ನೇ ಹೇಳುತ್ತೇನೆ.

ಪರೀಕ್ಷೆಗೆ ಹುಸೇನಸಾಬರಿಗೇ ಹತ್ತಿ ಎಂದೆ.

“ನಾ ಸಣ್ಣಾಂವ ಇದ್ದಾಗಿಂದ ತಿರುಗಸಾಂವ್ರಿ. ಒಮ್ಮೆನೂ ಕುಂತಿಲ್ಲ,” ಎಂದು ನಾಚಿಕೊಳ್ಳುತ್ತಲೇ ಕರಿ ಕುದುರೆ ಏರಿದರು. ಅವರ ಜೊತೆ ಬಂದಿದ್ದ ಹೆಂಡತಿ ಶಹಜಾದಬಿ ಒಂದೇ ಕೈಯಲ್ಲಿ ಚಕ್ರ ನೂಕಿ, ಸ್ಟೂಲಿನ ಮೇಲೆ ಕುಳಿತು ಹಿಡಿಕೆ ಹಿಡಿದರು. ನಾಲ್ಕು ಸುತ್ತಾಗಿರಬೇಕು.

“ಸಾಕು, ನಿಂದ್ರಸ!” ಎಂದು ಗಂಡ ಕೂಗಿದರು.

“ಸುಮ್ನ ಕುಂದರ್ರಿ. ಬ್ರೇಕ್ ನನ್ನ ಕೈಯಾಗ ಐತಿ,” ಎಂದರು ಶಹಜಾದಬಿ.

ಹುಸೇನಸಾಬರು ಮೊಂಡು ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ನಗುತ್ತ ಇನ್ನೊಂದು ಸುತ್ತು ಬಂದರು.